ಮಲಗಿಸಿದ ಹೆಸರುಗಳು

ಬರಹ ಎಂದಮೇಲೆ ಅದು ಅಡ್ಡಡ್ಡ ಇರುತ್ತದೆ ಎಂದು ನಾನು ನಂಬಿದ್ದೆ. ಕನ್ನಡ ಹಾಗಿದೆ, ಇಂಗ್ಲಿಷು ಹಾಗಿದೆ. ಇದರಲ್ಲಿ ಯೋಚನೆ ಮಾಡುವುದಕ್ಕೇನಿದೆ? ಆ ನಂಬಿಕೆಯಿಂದ ಒಬ್ಬ ದೊಡ್ಡ ಮನುಷ್ಯರ ಹೊಟ್ಟೆಗೆ ಬೆಂಕಿ ಹಾಕಿದೆ, ಇನ್ನೊಬ್ಬನನ್ನು ನಿಜವಾಗಿಯೂ ನೆಲಕ್ಕೆ ಕೆಡವಿದೆ, ಇದ್ದ ಕೆಲಸವನ್ನೂ ಕಳೆದುಕೊಂಡೆ. ಎಡ ಅಂಗೈಯಲ್ಲಿ ಗಾಯದ ಗೀರು ಈಗಲೂ ಇದೆ.

ಡಾಟ್ ಕಾಮ್ ಹುಚ್ಚು ಎಲ್ಲರ ನೆತ್ತಿಗೇರಿದ್ದ ಕಾಲ ಅದು. ಅಮೆರಿಕದ ಲಾಸ್ ಆಲ್ಟೋಸಿನ ಒಂದು ಗ್ಯಾಲರಿಯಲ್ಲಿ ಚಿತ್ರಗಳನ್ನು ಗೋಡೆಗೆ ಏರಿಸುವುದು, ಇಳಿಸುವುದು, ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸ. “ಏನಮ್ಮಾ ಮೊಳೆ ಹೊಡೆಯೋಳೇ” ಎಂದು ಗಂಡ ಛೇಡಿಸುತ್ತಿದ್ದ. ಆ ವಸಂತದಲ್ಲಿ ಗ್ಯಾಲರಿಯ ಯಜಮಾನಿ, ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು, ಮಂಗೋಲಿಯಾದ ಒಬ್ಬ ಕಲಾವಿದರ ಪ್ರದರ್ಶನ ಒಪ್ಪಿಕೊಂಡರು. ಖರ್ಚೆಲ್ಲ ಸಾಂಟಾ ಕ್ಲಾರಾದ ಹೊಸ ಕಂಪನಿಯೊಂದರದು. ಅದರ ಹೆಸರು ಬೇಡ, ಕೊನೆಗೆ ಡಾಟ್ ಕಾಮ್ ಅಂತಿತ್ತು ಅಂದರೆ ಸಾಕು.

ಕಲಾವಿದರ ವೀಸಾ ತಡವಾಯಿತು. ಅವರಿಗಿಂತ ಮೊದಲು ಪೆಟ್ಟಿಗೆಗಳು ಬಂದವು. ಮುಚ್ಚಳ ತೆಗೆದ ಕೂಡಲೇ ಕುರಿಯ ವಾಸನೆ ಗಮ್ಮೆಂದು ಹೊಡೆಯಿತು. ಯಜಮಾನಿ ಕರ್ಚೀಫು ಹುಡುಕಿದರು. ನಾನು ತಲೆಯನ್ನೇ ಒಳಗೆ ಹಾಕಿ ಮೂಸಿದೆ. ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ತಾತ ಕಂಬಳಿ ನೇಯುತ್ತಿದ್ದ. ಉಣ್ಣೆ ಎಕ್ಕುವ ಬಿಲ್ಲಿನ ಟಂಯ್ ಟಂಯ್ ಸದ್ದಿನಲ್ಲಿ ಬೆಳೆದವಳು ನಾನು.

ಒಳಗೆ ಒಂಬತ್ತು ಹಾಸುಗಳಿದ್ದವು. ಯಾವುದೂ ನೇಯ್ದಿದ್ದಲ್ಲ. ಉಣ್ಣೆಯನ್ನು ಕೋಲಿನಿಂದ ಬಡಿದು, ಹರಡಿ, ಬಿಸಿನೀರು ಹಾಕಿ, ಸುತ್ತಿ ಉರುಳಿಸಿ ಉರುಳಿಸಿ ಒಂದಾಗಿಸಿದ್ದು. ಮಂಗೋಲರು ಡೇರೆಗೆ ಹೊದಿಸುವುದು ಇದನ್ನೇ. ಎಂಟು ಹಾಸುಗಳ ಮೇಲೆ ಅವರ ಹಳೆಯ ಕ್ರಮದ ಚಿತ್ರ, ಬೆರಳುದ್ದದ ನೂರಾರು ಜನ. ಮೊದಲ ಎರಡರಲ್ಲಿ ಕುದುರೆ ಹಾಲು ಕರೆಯುವವರು, ಮಠ, ಗಂಟೆ ಬಾರಿಸುವ ಲಾಮಾಗಳು. ಮೂರನೆಯದರಿಂದ ಸೈನಿಕರು ಶುರು. ನಾಲ್ಕನೆಯದರಲ್ಲಿ ಸುರುಳಿ ಮೋಡಗಳ ನಡುವೆ ಒಂದು ಟ್ರಕ್ಕು. ಅದರ ದೀಪಗಳ ಜಾಗದಲ್ಲಿ ನಿಜವಾದ ಗಾಜು ಹೊಲಿದಿದ್ದರು. ಐದನೆಯದರಲ್ಲಿ ಒಬ್ಬ ಲಾಮಾನ ಬಾಯಿಗೆ ಅವನದೇ ಪುಸ್ತಕದ ಹಾಳೆ ತುರುಕುತ್ತಿದ್ದರು, ಪಕ್ಕದಲ್ಲಿ ಇನ್ನೊಬ್ಬನ ಕೈಬೆರಳು ಕಲ್ಲಿನಡಿ. ಆರನೆಯದು ಗುಂಡಿ. ಸಾಲಾಗಿ ಮಂಡಿಯೂರಿದವರು, ಹಿಂದೆ ಬಂದೂಕು, ಹಿಮದ ಮೇಲೆ ಕೆಂಪು ಕಾಲುವೆ. ಮುಖಗಳು ಸಾಸಿವೆ ಗಾತ್ರದವು, ಆದರೂ ಪ್ರತಿಯೊಬ್ಬನ ಬಾಯಿ ಬೇರೆ ಬೇರೆ ಥರ ತೆರೆದಿತ್ತು.

ಏರಿಸುವ ಕ್ರಮ ಹೇಳುತ್ತೇನೆ. ಉಣ್ಣೆ ಹಾಸು ಭಾರ, ಮೊಳೆ ಹೊಡೆದರೆ ಹರಿಯುತ್ತದೆ. ಹಾಗಾಗಿ ಮೇಲಂಚಿನ ಹಿಂದೆ ಹತ್ತಿಯ ಪಟ್ಟಿ ಹೊಲಿಯಬೇಕು, ಆ ಪಟ್ಟಿಗೆ ವೆಲ್ಕ್ರೋ. ಗೋಡೆಯಲ್ಲಿ ಮರದ ಕಂಬ ಎಲ್ಲಿದೆ ಎಂದು ಹುಡುಕಿ, ರಸಮಟ್ಟ ಹಿಡಿದು, ಮರದ ರೀಪು ಸ್ಕ್ರೂ ಮಾಡಿ, ಅದಕ್ಕೆ ವೆಲ್ಕ್ರೋದ ಇನ್ನೊಂದು ಅರ್ಧ. ಒಂದು ಹಾಸಿನ ಅಂಚು ಹೊಲಿಯುವುದಕ್ಕೆ ಅರ್ಧ ದಿನ. ಬೆರಳ ತುದಿಗಳೆಲ್ಲ ದಬ್ಬಣ ಚುಚ್ಚಿ ತೂತು.

ಒಂಬತ್ತನೆಯದರಲ್ಲಿ ಚಿತ್ರ ಇರಲಿಲ್ಲ. ಬಿಳಿ ಉಣ್ಣೆಯೊಳಗೆ ಕಪ್ಪು ಉಣ್ಣೆಯನ್ನು ಸೇರಿಸಿ ಬಡಿದು ಮಾಡಿದ ಅಕ್ಷರದ ಸಾಲುಗಳು, ಅಷ್ಟೇ. ಹನ್ನೊಂದು ಅಡಿ ಉದ್ದ, ಏಳಡಿ ಅಗಲ. ಯಾವ ಕಡೆ ಮೇಲೆ ಎಂದು ತೋರಿಸುವ ಚೀಟಿ ದಾರಿಯಲ್ಲೆಲ್ಲೋ ಕಿತ್ತುಹೋಗಿತ್ತು. ಸಾಲು ಅಡ್ಡಡ್ಡ ಬರುವ ಹಾಗೆ ಹಿಡಿದು ನೋಡಿದೆ. ಕೊನೆಯ ಗೋಡೆಗೆ ಅಳತೆ ಮಾಡಿಸಿದ ಹಾಗೆ ಕೂತಿತು. ಆ ಗೋಡೆ ಹನ್ನೆರಡು ಅಡಿ ಎತ್ತರ. ಅದರ ಮೇಲಿನ ಎರಡಡಿಯಲ್ಲಿ ಕಂಪನಿಯವರ ಫಲಕ, ದಪ್ಪ ಹಲಗೆಯ ಮೇಲೆ ಉಕ್ಕಿನ ಅಕ್ಷರಗಳು. ಫಲಕದ ಕೆಳಗೆ ಹಾಸು ಅಗಲವಾಗಿ ಮಲಗಿತು. ನನ್ನ ಕೆಲಸ ನೋಡಿ ನಾನೇ ಹೆಮ್ಮೆಪಟ್ಟೆ.

ಉದ್ಘಾಟನೆಗೆ ಎರಡು ದಿನ ಇದೆ ಎನ್ನುವಾಗ ಕಲಾವಿದರು ಬಂದರು. ನಲವತ್ತೈದರ ಆಸುಪಾಸು, ಗಿಡ್ಡ, ಅಗಲ ಭುಜ, ಕೈಗಳು ಮಾತ್ರ ನಮ್ಮ ತಾತನ ಕೈಗಳು. ಇಂಗ್ಲಿಷು ಹತ್ತಿಪ್ಪತ್ತು ಪದ. ಹಾಸುಗಳ ಮುಂದೆ ಒಂದೊಂದಾಗಿ ನಿಂತು ನೋಡುತ್ತ, ನನ್ನ ಕಡೆ ತಿರುಗಿ ತಲೆಯಾಡಿಸುತ್ತ ಬಂದರು. ಎಂಟು ಮುಗಿಯಿತು. ಕೊನೆಯ ಗೋಡೆಗೆ ತಿರುಗಿದರು.

ಆಮೇಲೆ ಕೇಳಿದ ಕೂಗು ಮನುಷ್ಯರದು ಎಂದು ನನಗೆ ಒಂದು ಕ್ಷಣ ಅನ್ನಿಸಲಿಲ್ಲ. ಓಡಿಹೋಗಿ ಎರಡೂ ಕೈಯಲ್ಲಿ ಹಾಸು ಹಿಡಿದು ಜಗ್ಗಿದರು. ವೆಲ್ಕ್ರೋ ಪರ್‍ರೆಂದು ಬಿಟ್ಟಿತು. ಒಂದು ಕಡೆ ಬಿಡಲಿಲ್ಲ. ಅವರು ಕಾಲನ್ನು ಗೋಡೆಗೆ ಕೊಟ್ಟು ಎಳೆದರು. ಹೊಲಿಗೆ, ಉಣ್ಣೆ, ರೀಪು, ಗೋಡೆಯ ಸುಣ್ಣ ಎಲ್ಲ ಕಿತ್ತುಕೊಂಡು ಬಂತು. ಅರ್ಧ ದಿನದ ಹೊಲಿಗೆ! ನನ್ನ ಪಿತ್ತ ನೆತ್ತಿಗೇರಿತು.

“ಅಯ್ಯೋ ನಿನ್ ಮನೆ ಕಾಯೋಗ! ಎಂತಾ ಕೆಲ್ಸ ಮಾಡ್ದೆ!” ಎಂದು ಕನ್ನಡದಲ್ಲೇ ಕಿರುಚಿ ಅವರ ತೋಳು ಹಿಡಿದು ಎಳೆದೆ. ಅವರು ನನ್ನನ್ನು ನೂಕಿದರು. ನಾನೂ ನೂಕಿದೆ. ಏಣಿ ಉರುಳಿ ಬಿತ್ತು. ಯಜಮಾನಿ ಬಾಗಿಲಲ್ಲಿ ನಿಂತು “ದಯವಿಟ್ಟು, ದಯವಿಟ್ಟು” ಎನ್ನುತ್ತಿದ್ದರು.

ಕಲಾವಿದರು ಏದುಸಿರು ಬಿಡುತ್ತ ನನ್ನ ಮುಂದೆ ನೆಟ್ಟಗೆ ನಿಂತರು, ಕೈ ಎರಡೂ ಪಕ್ಕಕ್ಕೆ. ಎದೆ ಮುಟ್ಟಿಕೊಂಡು, “ಮನುಷ್ಯ” ಎಂದರು. ಆಮೇಲೆ ನೆಲದ ಮೇಲೆ, ಉದುರಿದ ಸುಣ್ಣದ ಮೇಲೆ, ಉದ್ದಕ್ಕೆ ಮಲಗಿದರು. ಕಣ್ಣು ಮುಚ್ಚಿದರು. “ಸತ್ತ” ಎಂದರು. ಎದ್ದು ಹಾಸಿನ ಮೇಲಿನ ಒಂದು ಸಾಲನ್ನು ತೋರಿಸಿ, ಬೆರಳನ್ನು ಮೇಲಿನಿಂದ ಕೆಳಕ್ಕೆ ಇಳಿಸಿದರು. “ಹೆಸರು. ನಿಲ್ಲಬೇಕು.”

ಅವರ ಹಳೆಯ ಲಿಪಿ ಮೇಲಿನಿಂದ ಕೆಳಗೆ ಇಳಿಯುತ್ತದೆ ಎಂದು ನನಗೆ ತಿಳಿದದ್ದು ಆಗ. ನಾನು ತೊಂಬತ್ತು ಡಿಗ್ರಿ ತಿರುಗಿಸಿ, ಪಟ್ಟಿ ಹೊಲಿದು, ರಸಮಟ್ಟ ಹಿಡಿದು, ಅಚ್ಚುಕಟ್ಟಾಗಿ ಅಷ್ಟೂ ಜನರನ್ನು ಮಲಗಿಸಿದ್ದೆ. ಎಲ್ಲ ಒಂದೇ ಮಠದ ಲಾಮಾಗಳ ಹೆಸರು, ೧೯೩೭ರಲ್ಲಿ ಸರ್ಕಾರದ ಸೈನಿಕರ ಕೈಯಲ್ಲಿ ಸತ್ತು ಗುಂಡಿಗೆ ಬಿದ್ದವರದು. ಕಲಾವಿದರ ತಂದೆ ಆಗ ಏಳು ವರ್ಷದವರು. ಸುತ್ತಿಟ್ಟ ಹಾಸಿನೊಳಗೆ ಅಡಗಿಕೂತು, ಸೈನಿಕರು ಹೆಸರು ಕೂಗುವುದನ್ನೂ ಒಬ್ಬೊಬ್ಬರು ಎದ್ದು ಹೊರಗೆ ಹೋಗುವುದನ್ನೂ ಕೇಳಿಸಿಕೊಂಡಿದ್ದರು. ಬರೆದಿಟ್ಟರೆ ಅಪಾಯ. ಬಾಯಿಪಾಠ ಮಾಡಿ ಮಗನಿಗೆ ಒಪ್ಪಿಸಿದ್ದರು. ಆ ಪಟ್ಟಿಯ ಕೊನೆಯ ಹೆಸರು ಅವರ ಅಪ್ಪನದು, ಅಂದರೆ ಕಲಾವಿದರ ತಾತನದು; ಅಲ್ಲಿ ಹೆಂಡತಿ ಮಕ್ಕಳಿದ್ದ ಲಾಮಾಗಳೂ ಇದ್ದರಂತೆ. ಇಷ್ಟನ್ನು ಅವರು ಹತ್ತಿಪ್ಪತ್ತು ಪದಗಳಲ್ಲಿ, ಒಂದು ಕಾಗದದ ಮೇಲೆ ಗೀಚಿ ಗೀಚಿ ನನಗೆ ಹೇಳಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಪಾರ್ಕಿಂಗ್ ಲಾಟಿನಲ್ಲಿ ಹರಿದ ಮೂಲೆಯ ರಿಪೇರಿ. ಅವರ ಚೀಲದಲ್ಲಿ ಬಿಡಿ ಉಣ್ಣೆ ಇತ್ತು. ಎರಡು ಕೋಲು ಕೊಟ್ಟು ಬಡಿ ಎಂದರು. ಬಡಿದೆ. ಅವರೂ ಎದುರು ಕೂತು ಬಡಿದರು. ಸಿಟ್ಟೆಲ್ಲ ಕೋಲಿಗಿಳಿದು ಉಣ್ಣೆ ಹಿಗ್ಗಿತು. ಹರಿದಲ್ಲಿ ಹರಡಿ, ಕೆಟಲಿನ ಬಿಸಿನೀರು ಹನಿಸಿ, ಸೋಪು ಸವರಿ, ಪೈಪಿಗೆ ಸುತ್ತಿ, ಇಬ್ಬರೂ ಒಟ್ಟಿಗೆ ಕಾಲಿನಿಂದ ಒದ್ದು ಒದ್ದು ಉರುಳಿಸಿದೆವು. ಸರಟೋಗಾದ ಕಡೆಯಿಂದ ಬಂದ ಒಬ್ಬ ಹೆಂಗಸು ಕಾರು ನಿಲ್ಲಿಸಿ, ಯಾರಿಗಾದರೂ ಹೊಡೆಯುತ್ತಿದ್ದೀರಾ ಎಂದು ಕೇಳಿದಳು.

ನಡುವೆ ಕುರಿ ಕೊಯ್ಯುವ ಮಾತು ಬಂತು. ನಮ್ಮಲ್ಲಿ ಕುತ್ತಿಗೆಗೆ ಒಂದೇ ಏಟು ಎಂದು ಕೈಯಲ್ಲಿ ತೋರಿಸಿದೆ. ಅವರು ಮುಖ ಕಿವುಚಿ, ಎದೆಯ ಕೆಳಗೆ ಸಣ್ಣದಾಗಿ ಸೀಳಿ ಕೈ ಒಳಗೆ ಹಾಕಿ ನರ ಚಿವುಟುವುದನ್ನು ನಟಿಸಿದರು. ನೆಲ ತೋರಿಸಿ ಬೆರಳಾಡಿಸಿದರು. ಒಂದು ಹನಿ ರಕ್ತವೂ ನೆಲಕ್ಕೆ ಬೀಳಬಾರದಂತೆ. ಆರನೇ ಹಾಸಿನ ಹಿಮದ ಮೇಲಿನ ಕೆಂಪು ಅವರಿಗೆ ಏನು ಎಂದು ಆಗ ಗೊತ್ತಾಯಿತು.

ಮಧ್ಯಾಹ್ನ ಅಳೆದು ನೋಡಿದರೆ ಹೊಸ ತೊಡಕು. ಹಾಸನ್ನು ನಿಲ್ಲಿಸಬೇಕಾದರೆ ಹನ್ನೊಂದು ಅಡಿ ಬೇಕು, ಫಲಕದ ಕೆಳಗೆ ಇರುವುದು ಹತ್ತು. ಅಷ್ಟು ಎತ್ತರದ ಗೋಡೆ ಬೇರೆ ಇಲ್ಲ. ಫಲಕ ತೆಗೆಯೋಣ ಎಂದು ಯಜಮಾನಿಗೆ ಹೇಳಿದೆ. ಅವರು ಕಂಪನಿಗೆ ಫೋನು ಮಾಡಿದರು. ಉದ್ಘಾಟನೆಯ ದಿನ ಬೆಳಿಗ್ಗೆ ಅಲ್ಲಿಂದ ಬ್ರಾಂಡಿಂಗ್ ಮ್ಯಾನೇಜರು ಬಂದ. ಬೆಂಗಳೂರಿನವನು.

“ಓ, ನೀವು ಕನ್ನಡದವ್ರಾ ಅಕ್ಕ! ಮಂಡ್ಯ ಅಲ್ವಾ? ಮಾತಲ್ಲೇ ಗೊತ್ತಾಯ್ತು ಬಿಡಿ,” ಎಂದು ಕೈ ಕುಲುಕಿದ. ಒಳ್ಳೆಯ ಹುಡುಗ ಅಂದುಕೊಂಡೆ.

“ಸಾ, ಆ ಬೋರ್ಡ್ ಒಂದ್ ಇಳಿಸ್ಕೊಟ್ರೆ ಕೆಲ್ಸ ಮುಗೀತದೆ ಕಣ್ ಸಾ.”

“ಅಯ್ಯೋ, ಚಾನ್ಸೇ ಇಲ್ಲ ಅಕ್ಕ. ಇವತ್ತು ಸಂಜೆ ಇನ್ವೆಸ್ಟರ್ಸು ಬರ್ತಿದಾರೆ. ಅದರ ಕೆಳಗೇ ಫೋಟೋಸು. ಮೊದಲು ಹೆಂಗಿತ್ತೋ ಹಂಗೇ ಅಡ್ಡ ಹಾಕ್ಬಿಡಿ. ಯಾರಿಗ್ರೀ ಓದಕ್ಕೆ ಬರುತ್ತೆ?”

“ಅಡ್ಡ ಹಾಕಂಗಿಲ್ಲ ಸಾ. ಅಡ್ಡ ಹಾಕುದ್ರೆ ಎಣ ಮಲಗ್ಸಿದಂಗಂತೆ.”

ಅವನು ಗಡಿಯಾರ ನೋಡಿದ. “ಸರಿ, ಒಂದು ಕಾಂಪ್ರೊಮೈಸು. ನಿಲ್ಸಿ. ಕೆಳಗಿನ ಒಂದಡಿ ಹಿಂದಕ್ಕೆ ಮಡಿಸ್ಬಿಡಿ.”

ಅವನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಯಜಮಾನಿ ಒಪ್ಪಿದರು. ನಾನೂ ಒಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕೆಲಸದಲ್ಲಿ ಇದು ತಪ್ಪಲ್ಲ. ಕತ್ತರಿಸುತ್ತಿಲ್ಲ, ಸಡಿಲ ಹೊಲಿಗೆ ಹಾಕಿ ಆಮೇಲೆ ಬಿಚ್ಚುತ್ತೇವೆ, ಉಣ್ಣೆಗೆ ಏನೂ ಆಗುವುದಿಲ್ಲ. ನೆಲದ ಮೇಲೆ ಹರಡಿ, ಒಂದಡಿ ಮಡಿಸಿ, ದಬ್ಬಣಕ್ಕೆ ದಾರ ಪೋಣಿಸಿದೆ.

ಕಲಾವಿದರು ತಡೆಯಲಿಲ್ಲ, ಕೂಗಲಿಲ್ಲ. ನಾನು ಮಡಿಸಿದ ಅಂಚಿನ ಪಕ್ಕದಲ್ಲಿ ಕೂತು, ಮೊದಲ ಸಾಲಿನ ನೆತ್ತಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತ ಬಂದರು. ಒಂದು ಸಾಲಿನಲ್ಲಿ ಮೂರು ನಾಲ್ಕು ಹೆಸರು. ಬೆರಳು ಮಡಿಕೆಗೆ ತಲುಪಿದಾಗ ಕೊನೆಯ ಹೆಸರು ಅರ್ಧಕ್ಕಿತ್ತು. ಅಲ್ಲಿಗೆ ಗಂಟಲು ಕತ್ತರಿಸಿದ ಹಾಗೆ ದನಿ ನಿಲ್ಲಿಸಿದರು. ಎರಡನೇ ಸಾಲು. ಮತ್ತೆ ಅರ್ಧ ಹೆಸರು, ಮತ್ತೆ ನಿಂತಿತು. ಮೂರನೆಯದು. ನನ್ನ ಕೈಯಲ್ಲಿ ದಬ್ಬಣ ಹಾಗೇ ಇತ್ತು. ಕೊನೆಯ ಸಾಲಿನ ಕೊನೆಯ ಹೆಸರಿನ ಮೊದಲ ತುಂಡನ್ನು ಹೇಳಿ ನನ್ನ ಮುಖ ನೋಡಿದರು. ಅವರ ತಾತ. ಮಂಡಿಯ ಕೆಳಗೆ ನಾನು ಕಡಿದು ಮಡಿಸಿದ್ದೆ.

“ಸಾ,” ಎಂದೆ ಮ್ಯಾನೇಜರಿಗೆ, “ಆಗಾಕಿಲ್ಲ. ಇವರನ್ನೊಂದ್ ಮಾತ್ ಕೇಳಿ, ಇವರೇನಂತಾರೆ ಅಂತ.”

ಅವನು ಮೊಬೈಲಿನಿಂದ ತಲೆ ಎತ್ತಲೇ ಇಲ್ಲ. “ಕುರಿನ ಕೇಳಿ ಮಸಾಲೆ ಅರೀತಾರೇನ್ರೀ?” ಎಂದು ನಕ್ಕ.

ಈ ಗಾದೆಯನ್ನು ನಾನೇ ಎಷ್ಟು ಸಲ ಹೇಳಿದ್ದೇನೋ. ನಗುವಾಗ ಹೇಳಿದ್ದೇನೆ, ಮಗಳನ್ನು ಡೇಕೇರಿಗೆ ಎಳೆದುಕೊಂಡು ಹೋಗುವಾಗ ಹೇಳಿದ್ದೇನೆ. ಅವತ್ತು ಆ ಗುಂಡಿಯ ಚಿತ್ರದ ಎದುರು, ಮಂಡಿಯೂರಿದವರ ಎದುರು ಅದು ಕಿವಿಗೆ ಬಿದ್ದಾಗ ಮೈಯೆಲ್ಲ ಉರಿದುಹೋಯಿತು. ಹೇಳಿದವನು ನನ್ನ ಭಾಷೆಯವನು, ಹೇಳಿದ್ದು ನನ್ನ ಭಾಷೆಯಲ್ಲಿ. ಕಲಾವಿದರಿಗೆ ಅರ್ಥವಾಗಲಿಲ್ಲ ಎನ್ನುವುದು ಇನ್ನೂ ಉರಿಸಿತು.

ಪೆಟ್ಟಿಗೆ ಬಿಚ್ಚುವ ಚಿಕ್ಕ ಗಡಾರಿ ತೆಗೆದುಕೊಂಡು ಏಣಿ ಹತ್ತಿದೆ. ಸ್ಕ್ರೂ ಬಿಚ್ಚುವ ತಾಳ್ಮೆ ಇರಲಿಲ್ಲ. ಹಲಗೆಯ ಹಿಂದೆ ಗಡಾರಿ ತೂರಿಸಿ ಮೀಟಿದೆ. ಒಂದು ಕಡೆ ಲಟಕ್ಕೆಂದು ಬಿಟ್ಟಿತು. ಇನ್ನೊಂದು ಕಡೆ ಸುತ್ತಿಗೆಯಿಂದ ಹೊಡೆದೆ. ಗೋಡೆ ಬಿರಿಯಿತು. ಕೆಳಗೆ ಯಾರೋ ಕಿರುಚುತ್ತಿದ್ದರು. ಫಲಕ ಓರೆಯಾಗಿ ತೂಗಾಡಿದಾಗ ಎಡಗೈಯಲ್ಲಿ ಉಕ್ಕಿನ ಅಕ್ಷರವೊಂದನ್ನು ಹಿಡಿದು ಜಗ್ಗಿದೆ. ಅದರ ಅಂಚು ಅಂಗೈಯನ್ನು ಈ ಕಡೆಯಿಂದ ಆ ಕಡೆಗೆ ಸೀಳಿತು. ಫಲಕ ದಢಾರೆಂದು ಬಿದ್ದು, ಡಾಟ್ ಕಾಮ್ ಅನ್ನುವ ತುಂಡು ಕಳಚಿ ಬಾಗಿಲವರೆಗೂ ಜಾರಿಕೊಂಡು ಹೋಯಿತು.

ಏಣಿ ಇಳಿಯುವಷ್ಟರಲ್ಲಿ ಮ್ಯಾನೇಜರು ಬಂದು ನನ್ನ ಬಲಗೈ ಹಿಡಿದು ತಿರುಚಿದ. “ತಲೆ ಕೆಟ್ಟಿದ್ಯೇನ್ರೀ ನಿಮಗೆ? ಪೊಲೀಸ್ ಕರಿತೀನಿ!” ಗಡಾರಿ ಕಿತ್ತುಕೊಳ್ಳಲು ನೋಡಿದ. ನನ್ನ ಅಣ್ಣಂದಿರು ಗರಡಿಗೆ ಹೋಗುತ್ತಿದ್ದವರು, ಒಂದೆರಡು ಪಟ್ಟು ನನಗೂ ಗೊತ್ತು. ಗಡಾರಿ ಬಿಟ್ಟೆ, ಅವನ ಮಂಡಿಯ ಹಿಂದೆ ಅಡ್ಡಗಾಲು ಕೊಟ್ಟು ಎದೆಗೆ ಭುಜ ಹಾಕಿದೆ. ಅಂಗಾತ ಬಿದ್ದ. ತಲೆ ನೆಲಕ್ಕೆ ಬಡಿದ ಸದ್ದು ಕೇಳಿಸಿತು.

“ಏಳ್ಬ್ಯಾಡಿ,” ಎಂದೆ. ಮೊಣಕಾಲು ಅವನ ಎದೆಯ ಮೇಲಿತ್ತು. “ಒಂದ್ ನಿಮ್ಸ ಅಂಗೇ ಮನಿಕ್ಕಂಡಿರಿ. ನಿಮ್ಮೆಸ್ರೇನು ಸಾ?”

ಅವನು ಉಸಿರು ಎಳೆದುಕೊಂಡು ಹೆಸರು ಹೇಳಿದ.

“ನಿಮ್ಮ ತಾತುಂದು?”

ಅದನ್ನೂ ಹೇಳಿದ. ಯಾಕೆ ಹೇಳಿದನೋ ಗೊತ್ತಿಲ್ಲ. ಬಹುಶಃ ನನ್ನ ಮುಖ ನೋಡಿ ಹೆದರಿದ್ದ. ಅವನ ಕಣ್ಣಲ್ಲಿ ನೀರಿತ್ತು. ನಾನು ಕಾಲು ತೆಗೆದೆ. ಮಾಡಿದ್ದು ಸರಿ ಎಂದು ನಾನು ಇವತ್ತೂ ಹೇಳುವುದಿಲ್ಲ. ಆ ಗಳಿಗೆಯಲ್ಲಿ ಹಿತವಾಗಿತ್ತು ಎನ್ನುವುದು ಮಾತ್ರ ನಿಜ, ಅದೇ ಆಮೇಲೆ ನನ್ನನ್ನು ಹೆದರಿಸಿದ್ದು. ಆ ಸೈನಿಕರಿಗೂ ಹಾಗೇ ಹಿತವಾಗಿತ್ತೇನೋ.

ಅಷ್ಟರಲ್ಲಿ ಯಾರೋ ನನ್ನ ಎಡಗೈಯನ್ನು ಕೆಳಗಿನಿಂದ ಹಿಡಿದರು. ಕಲಾವಿದರು ಎರಡೂ ಕೈ ಬೊಗಸೆ ಮಾಡಿ ನನ್ನ ಅಂಗೈಯ ಕೆಳಗೆ ಒಡ್ಡಿದ್ದರು. ಬೊಗಸೆಯಲ್ಲಿ ರಕ್ತ ನಿಂತಿತ್ತು. ನೆಲಕ್ಕೆ ಒಂದು ಹನಿಯನ್ನೂ ಬಿಟ್ಟಿರಲಿಲ್ಲ. ಮಿಕ್ಕಿದ್ದ ಬಿಳಿ ಉಣ್ಣೆಯನ್ನು ಗಾಯಕ್ಕೆ ಒತ್ತಿ, ತಮ್ಮ ಸೊಂಟದ ಪಟ್ಟಿ ಬಿಚ್ಚಿ ಬಿಗಿಯಾಗಿ ಕಟ್ಟಿದರು. ನಾನು ಆಗ ಅತ್ತೆ.

ಯಜಮಾನಿ ಫೋನು ಕೈಯಲ್ಲಿ ಹಿಡಿದು ನಿಂತಿದ್ದರು. ಪೊಲೀಸು ಬೇಡ ಎಂದವನು ಮ್ಯಾನೇಜರೇ. ಸಂಜೆ ಬರುವ ಇನ್ವೆಸ್ಟರುಗಳ ಮುಂದೆ, ಮಂಡ್ಯದ ಹೆಂಗಸೊಬ್ಬಳು ಅಡ್ಡಗಾಲು ಕೊಟ್ಟು ಕೆಡವಿದಳು ಎಂದು ಬರೆಸುವುದಕ್ಕೆ ಅವನಿಗೆ ಇಷ್ಟವಿರಲಿಲ್ಲ. ಷರ್ಟು ಕೊಡವಿಕೊಂಡು ಹೊರಟುಹೋದ. ಯಜಮಾನಿ ನನಗೆ ಒಂದೇ ಮಾತು ಹೇಳಿದರು: “ಇದನ್ನು ಮುಗಿಸು. ನಾಳೆಯಿಂದ ಬರಬೇಡ.”

ಮುಗಿಸಿದೆ. ಒಂದು ಕೈಯಲ್ಲಿ ನಾನು ದಬ್ಬಣ ತೂರಿಸುವುದು, ಹಿಂದಿನಿಂದ ಅವರು ಎಳೆಯುವುದು, ಹಾಗೆ ಹೊಸ ಮೇಲಂಚನ್ನು ಹೊಲಿದೆವು. ಗೋಡೆಯ ಬಿರುಕಿಗೆ ಪುಟ್ಟಿ ಮೆತ್ತಿ, ರೀಪನ್ನು ತೀರಾ ಮೇಲೆ ಸ್ಕ್ರೂ ಮಾಡಿದೆ. ಹಾಸು ಏರಿತು. ಕೆಳಗೆ ಅರ್ಧ ಅಡಿಗಿಂತ ಹೆಚ್ಚೇ ಜಾಗ ಉಳಿಯಿತು, ಯಾರ ಕಾಲೂ ನೆಲಕ್ಕೆ ತಾಗಲಿಲ್ಲ. ಕಲಾವಿದರು ಎದುರು ನಿಂತು ಮೊದಲಿನಿಂದ ಓದಿದರು. ಈ ಸಲ ದನಿ ಎಲ್ಲಿಯೂ ತುಂಡಾಗಲಿಲ್ಲ. ಕೊನೆಯ ಹೆಸರನ್ನು ಪೂರ್ತಿ ಹೇಳಿ ಬಾಯಿ ಮುಚ್ಚಿಕೊಂಡರು.

ಸಂಜೆ ಜನ ಬಂದರು, ವೈನು ಕುಡಿದರು, ಷೇರಿನ ಮಾತಾಡಿದರು. ಆರನೇ ಹಾಸಿನ ಮುಂದೆ ಒಂದಿಬ್ಬರು ಗ್ಲಾಸು ಕೆಳಗಿಟ್ಟರು. ಒಂಬತ್ತನೆಯದನ್ನು ಯಾರೂ ಓದಲಿಲ್ಲ, ಮ್ಯಾನೇಜರು ಹೇಳಿದ್ದು ಆ ಮಟ್ಟಿಗೆ ನಿಜ. ನಾನು ಬಾಗಿಲ ಹತ್ತಿರ ನನ್ನ ಸಾಮಾನಿನ ಪೆಟ್ಟಿಗೆ ಹಿಡಿದು ನಿಂತಿದ್ದೆ. ಕಲಾವಿದರು ಬಂದು ನನ್ನ ಹೆಸರು ಕೇಳಿದರು. ಎರಡು ಸಲ ಹೇಳಿಸಿಕೊಂಡು, ಪ್ಯಾಕಿಂಗ್ ಕಾಗದದ ಉದ್ದನೆಯ ಚೂರಿನ ಮೇಲೆ ಇದ್ದಿಲಿನಲ್ಲಿ, ಮೇಲಿನಿಂದ ಕೆಳಕ್ಕೆ, ಒಂದೇ ಸಾಲು ಬರೆದುಕೊಟ್ಟರು.

ಮನೆಗೆ ಬಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ನನ್ನ ಕೈ ನೋಡಿ ಗಂಡ ಗಾಬರಿಯಾಗಿ ಡಾಕ್ಟರಿಗೆ ಫೋನು ಮಾಡಿದ. ನಾನು ಮುಖ ತೊಳೆದು ಬರುವಷ್ಟರಲ್ಲಿ ಮಗಳು ಆ ಚೂರನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದಳು. ಗ್ರೋಸರಿ ಪಟ್ಟಿಯ ಮೇಲೆ, ಅಡ್ಡಡ್ಡ.

“ಅಮ್ಮಾ, ಇಟ್ ಫಿಟ್ಸ್ ಬೆಟರ್ ದಿಸ್ ವೇ,” ಎಂದಳು.

“ನೆಟ್ಟಗೆ ನಿಲ್ಸು ಮಗಾ,” ಎಂದೆ. “ಅದು ನಿಮ್ಮವ್ವ ಕಣೆ.”

ಅವಳು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಮ್ಯಾಗ್ನೆಟ್ಟು ಕಿತ್ತು, ಗ್ರೋಸರಿ ಪಟ್ಟಿಯನ್ನು ತೆಗೆದುಹಾಕಿ, ನನ್ನನ್ನು ನಿಲ್ಲಿಸಿದಳು.